ಮಳೆಗಾಲದಲ್ಲಿ ಮಕ್ಕಳ ಕ್ಲೇ ನೀರು ಬಿಡ್ತಾ ಇದೆ, ಏನು ಮಾಡೋದು?

ಕಾಳಿದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಮೇಲ್ನೋಟಕ್ಕೆ ಸಣ್ಣ ವಿಷಯ. ಆದರೆ ಮನೆಯಲ್ಲಿ ಐದು ವರ್ಷದ ಹುಡುಗ ಇದ್ದು, ಹೊರಗೆ ಮೂರು ದಿನದಿಂದ ಒಂದೇ ಸಮನೆ ಮಳೆ ಹೊಯ್ಯುತ್ತಿದ್ದರೆ ಇದೇ ದೊಡ್ಡ ವಿಷಯ ಆಗುತ್ತದೆ.

ಏಪ್ರಿಲ್‌ನಲ್ಲಿ ಮಡಗಾಂವಿಗೆ ಹೋದಾಗ ನಾಲ್ಕು ಬಣ್ಣದ ಪ್ಲೇ ಡೋ (ಮಕ್ಕಳು ಆಡುವ ಮೆತ್ತಗಿನ ಹಿಟ್ಟು) ಡಬ್ಬಿ ತಂದಿದ್ದೆ. ಮೇ ಮುಗಿಯುವವರೆಗೂ ಚೆನ್ನಾಗಿತ್ತು. ಜೂನ್ ಎರಡನೇ ವಾರಕ್ಕೆ ಕೆಂಪು ಬಣ್ಣದ್ದು ಹಲಸಿನ ಮೇಣದ ಹಾಗೆ ಕೈಗೆ ಹಿಡಿಯಲು ಶುರುವಾಯಿತು. ಯಾವುದೋ ವಿಡಿಯೋದಲ್ಲಿ "ಅಂಟಾದರೆ ಅರ್ಧ ಗಂಟೆ ಮುಚ್ಚಳ ತೆಗೆದು ಫ್ಯಾನ್ ಕೆಳಗೆ ಇಡಿ" ಅಂದಿದ್ದರು. ಇಟ್ಟೆ. ಅರ್ಧ ಗಂಟೆಯಲ್ಲ, ಮಧ್ಯಾಹ್ನ ಪೂರ್ತಿ ಇಟ್ಟೆ. ಸಂಜೆ ನೋಡಿದರೆ ಮೇಲೆ ಸಣ್ಣ ಸಣ್ಣ ಹನಿ ನಿಂತಿದೆ, ಮೂಗಿನ ಮೇಲಿನ ಬೆವರಿನ ಹಾಗೆ!

ಇದರ ಸಹವಾಸವೇ ಬೇಡ ಅಂತ ಮನೆಯಲ್ಲೇ ಮೈದಾ, ಗೋಕರ್ಣ ಹತ್ತಿರದ ಸಾಣಿಕಟ್ಟಾದ ಹರಳುಪ್ಪು, ಎಣ್ಣೆ ಹಾಕಿ ಕಲಸಿದೆ. ಅದು ಇನ್ನೂ ಕಷ್ಟ. ಎರಡೇ ದಿನಕ್ಕೆ ಡಬ್ಬಿ ತಳದಲ್ಲಿ ಚಮಚೆಯಷ್ಟು ಉಪ್ಪುನೀರು ನಿಂತಿತ್ತು, ಮೇಲೆ ಹರಳು ಚುಚ್ಚುತ್ತದೆ ಅಂತ ಮಗನ ರಗಳೆ ಬೇರೆ.

ನೆಟ್ಟಲ್ಲಿ ಹುಡುಕಿದರೆ ಎಲ್ಲರೂ ಹೇಳುವುದು ಒಂದೇ, "ಒಣಗದ ಹಾಗೆ ನೋಡಿಕೊಳ್ಳಿ" ಅಂತ. ನಮ್ಮದು ಒಣಗುವ ಮಾತೇ ಇಲ್ಲ ಮಾರಾಯ್ರೆ. ಕರಾವಳಿಯವರು ಯಾರಾದರೂ ಇದನ್ನು ನಿಭಾಯಿಸಿದ್ದರೆ ಹೇಳಿ. ಎಸೆಯಬೇಕಾ, ಉಳಿಸಬಹುದಾ?

ಘಟ್ಟದ ಮೇಲೆ (ಶಿರಸಿ ಹತ್ತಿರ)

ನಮ್ಮದು ನಿಮಗೆ ತದ್ವಿರುದ್ಧ. ಜನವರಿಯಲ್ಲಿ ಬೆಳಗಿನ ಚಳಿಗೆ, ಮಧ್ಯಾಹ್ನದ ಒಣ ಗಾಳಿಗೆ ಮಗಳ ಕ್ಲೇ ಒಡೆದ ಹಿಮ್ಮಡಿ ಥರ ಬಿರುಕು ಬಿಟ್ಟಿತ್ತು. ಒಂದು ಹಳೇ ಪಂಚೆ ಚೂರು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಅದರಲ್ಲಿ ಸುತ್ತಿ ರಾತ್ರಿ ಡಬ್ಬಿಯಲ್ಲಿಟ್ಟೆವು. ಬೆಳಿಗ್ಗೆ ನಾದಿದರೆ ಸರಿಯಾಯಿತು. ನೀರು ನೇರ ಸುರಿಯಬಾರದು, ಮೇಲೆ ಲೋಳೆ ಒಳಗೆ ಕಲ್ಲು ಆಗುತ್ತದೆ.

ಈಗ ಮಳೆಗಾಲದಲ್ಲಿ ನಮಗೂ ಅಂಟು ಬಂದಿದೆ. ನಮ್ಮ ಆಯಿ ಡಬ್ಬಿಯನ್ನು ಒಲೆ ಮೇಲಿನ ಅಟ್ಟದಲ್ಲಿ ಹಪ್ಪಳದ ಡಬ್ಬಿ ಪಕ್ಕ ಇಟ್ಟಿದ್ದಾಳೆ. ಗ್ಯಾಸ್ ಬಂದರೂ ನೀರು ಕಾಯಿಸಲು ನಮ್ಮಲ್ಲಿ ಕಟ್ಟಿಗೆ ಒಲೆ ಇದೆ. ಅಲ್ಲಿಟ್ಟದ್ದು ನೀರು ಬಿಟ್ಟಿಲ್ಲ. ಯಾಕೆ ಅಂತ ನನಗೆ ಗೊತ್ತಿಲ್ಲ, ಆಯಿಗೆ ಗೊತ್ತು, ಆದರೆ ಅವಳು ವಿವರಿಸುವುದಿಲ್ಲ.

ರಸಾಯನದ ಮಾಸ್ತರು (ಹೊನ್ನಾವರ)

ನಿಮ್ಮ ಆಯಿಗೆ ಗೊತ್ತಿರುವುದು ಉಪ್ಪಿನ ಸ್ವಭಾವ. ಹಳೇ ಮನೆಗಳಲ್ಲಿ ಉಪ್ಪಿನ ಮರಿಗೆ ಇರುತ್ತಿತ್ತಲ್ಲ, ಮಳೆಗಾಲದಲ್ಲಿ ಅದರ ಅಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಳಿದಂಡೆ ಅಕ್ಕನ ಡಬ್ಬಿಯಲ್ಲಿ ಆಗಿರುವುದು ಅದೇ.

ಮಕ್ಕಳ ಈ ಹಿಟ್ಟಿನಲ್ಲಿ ಮುಖ್ಯವಾಗಿ ಇರುವುದು ನೀರು, ಉಪ್ಪು, ಗೋಧಿ ಹಿಟ್ಟು. ಉಪ್ಪು ಹಾಕುವುದು ಕೆಡದಿರಲಿ ಅಂತ. ಸಾಧಾರಣ ಶುದ್ಧ ಉಪ್ಪು, ಗಾಳಿಯ ಸಾಪೇಕ್ಷ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಗಾಳಿಯಿಂದ ನೀರು ಎಳೆದುಕೊಂಡು ಕರಗಲು ಶುರುಮಾಡುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ನೀರು ಬಿಟ್ಟುಕೊಡುತ್ತದೆ. ಅಂದರೆ ಉಪ್ಪು ತುಂಬಿದ ಹಿಟ್ಟು ತೆರೆದಿಟ್ಟರೆ ಒಣಗುತ್ತದೋ ನೆನೆಯುತ್ತದೋ ಅನ್ನುವುದನ್ನು ಹೆಚ್ಚುಕಮ್ಮಿ ಆ 75 ತೀರ್ಮಾನ ಮಾಡುತ್ತದೆ. ವಿಡಿಯೋ ಮಾಡಿದವರ ಊರಿನಲ್ಲಿ 40 ಇದ್ದಿರಬೇಕು, ಫ್ಯಾನ್ ಹಾಕಿದರೆ ಒಣಗಿತು. ಜುಲೈಯಲ್ಲಿ ಕಾರವಾರದಲ್ಲಿ ಫ್ಯಾನ್ ಹಾಕಿದರೆ ಹಿಟ್ಟಿಗೆ ಹೊಸ ಹೊಸ ಒದ್ದೆ ಗಾಳಿ ತಂದು ಬಡಿಸಿದ ಹಾಗೆ.

ಇನ್ನು ಹರಳುಪ್ಪು. ಉಪ್ಪಿನ ಗದ್ದೆಯಿಂದ ಬಂದ ಶುದ್ಧೀಕರಿಸದ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಸ್ವಲ್ಪ ಉಳಿದಿರುತ್ತದೆ. ಅದು 33 ಶೇಕಡಾ ತೇವಾಂಶಕ್ಕೇ ನೀರು ಹೀರುತ್ತದೆ. ಸಾಣಿಕಟ್ಟಾ ಉಪ್ಪು ಉಪ್ಪಿನಕಾಯಿಗೆ ಎತ್ತಿದ ಕೈ, ಮೀನು ಉಪ್ಪು ಹಾಕಲೂ ಅದೇ ಬೇಕು. ಮಕ್ಕಳ ಹಿಟ್ಟಿಗೆ ಮಾತ್ರ ಪ್ಯಾಕೆಟ್‌ನ ಪುಡಿ ಉಪ್ಪು ಹಾಕಿ.

ಒಲೆ ಮೇಲಿನ ಅಟ್ಟದಲ್ಲಿ ಗಾಳಿ ಬಿಸಿ. ಗಾಳಿ ಬಿಸಿಯಾದರೆ ಅದೇ ತೇವಕ್ಕೆ ಶೇಕಡಾವಾರು ಇಳಿಯುತ್ತದೆ. ಆಯಿಗೆ ನನ್ನ ನಮಸ್ಕಾರ ತಿಳಿಸಿ.

ಅಂಗನವಾಡಿ ಅಕ್ಕೋರು (ಕುಮಟಾ ಕಡೆ)

ಮಾಸ್ತರು ಪಾಠ ಮುಗಿಸಿದರು, ನಾನು ಅಡುಗೆ ಹೇಳುತ್ತೇನೆ.

ಕಾಳಿದಂಡೆ ಅಕ್ಕ, ನೀವು ಹಸಿ ಕಲಸಿದ್ದೀರಿ, ತಪ್ಪಾಗಿದ್ದು ಅಲ್ಲೇ. ಹಸಿ ಹಿಟ್ಟು ಮಳೆಗಾಲಕ್ಕೆ ಆಗುವುದಿಲ್ಲ. ಬೇಯಿಸಬೇಕು. ಹಸಿ ಮೈದಾದಲ್ಲಿ ರೋಗಾಣು ಇರುವ ಸಾಧ್ಯತೆಯೂ ಇದೆ, ಸಣ್ಣ ಮಕ್ಕಳ ಕೈ ಬಾಯಿಗೆ ಹೋಗೇ ಹೋಗುತ್ತದೆ, ಅದಕ್ಕೂ ಬೇಯಿಸಿದ್ದೇ ವಾಸಿ.

ನನ್ನ ಅಳತೆ: ಮೈದಾ 2 ಕಪ್, ನೀರು 2 ಕಪ್, ಪುಡಿ ಉಪ್ಪು 1 ಕಪ್, ಎಣ್ಣೆ 2 ದೊಡ್ಡ ಚಮಚ, ನಿಂಬೆ ರಸ 2 ದೊಡ್ಡ ಚಮಚ. ಇಂಗ್ಲಿಷ್ ವಿಡಿಯೋಗಳಲ್ಲಿ ಕ್ರೀಮ್ ಆಫ್ ಟಾರ್ಟರ್ ಅನ್ನುತ್ತಾರಲ್ಲ, ಅದು ನಮ್ಮ ಕಡೆ ಅಂಗಡಿಯಲ್ಲಿ ಕೇಳಿದರೆ ಮುಖ ಮುಖ ನೋಡುತ್ತಾರೆ. ಹುಳಿ ಬೇಕು ಅಷ್ಟೇ, ನಿಂಬೆ ಸಾಕು.

ಮೊದಲು ನೀರು ಬಿಸಿ ಮಾಡಿ ಉಪ್ಪು ಕರಗಿಸಿ. ಆಮೇಲೆ ಎಣ್ಣೆ, ನಿಂಬೆ. ಆರಿದ ಮೇಲೆ ಮೈದಾ ಹಾಕಿ ಗಂಟಿಲ್ಲದ ಹಾಗೆ ಕಲಕಿ, ದೋಸೆ ಹಿಟ್ಟಿನ ಹಾಗೆ ತೆಳುವಾಗಿ ಕಾಣುತ್ತದೆ, ಹೆದರಬೇಡಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮರದ ಸಟ್ಟುಗದಿಂದ ಕೈ ಬಿಡದೆ ಮಗುಚಿ. ಹಾಲುಬಾಯಿ ಮಾಡಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ತಳ ಬಿಟ್ಟು, ಮುದ್ದೆಯಾಗಿ, ಸಟ್ಟುಗಕ್ಕೆ ಸುತ್ತಿಕೊಂಡು ಬರಬೇಕು. ಚಿವುಟಿ ನೋಡಿ, ಬೆರಳಿಗೆ ಹಿಡಿಯಬಾರದು. ಅಂಟುತ್ತಿದ್ದರೆ ಇನ್ನೆರಡು ನಿಮಿಷ. ಮಳೆಗಾಲದಲ್ಲಿ ನಾನು ಯಾವಾಗಲೂ ಆ ಎರಡು ನಿಮಿಷ ಜಾಸ್ತಿಯೇ ಇಡುತ್ತೇನೆ, ಸ್ವಲ್ಪ ಗಟ್ಟಿ ಅನಿಸಬೇಕು, ತೇವ ಹೇಗೂ ತಾನೇ ಬರುತ್ತದೆ.

ಒಂದು ಮುಖ್ಯ ವಿಷಯ. ಪೂರ್ತಿ ಆರದೆ ಡಬ್ಬಿಗೆ ಹಾಕಬೇಡಿ. ಬಿಸಿ ಇದ್ದಾಗ ಮುಚ್ಚಿದರೆ ಮುಚ್ಚಳದ ಒಳಗೆ ಹಬೆ ಕಟ್ಟಿ ಹನಿ ಬೀಳುತ್ತದೆ, ಆ ಹನಿ ಬಿದ್ದ ಜಾಗದಲ್ಲೇ ಬೂಷ್ಟು. ಮೊದಲ ವರ್ಷ ನಾನು ಮಾಡಿದ್ದು ಇದೇ. ಇಪ್ಪತ್ತು ಮಕ್ಕಳಿಗೆ ಅಂತ ಒಂದು ದೊಡ್ಡ ಡಬ್ಬಿ ಮಾಡಿ, ಗಡಿಬಿಡಿಯಲ್ಲಿ ಬಿಸಿ ಇರುವಾಗಲೇ ಮುಚ್ಚಿ, ಸೋಮವಾರ ತೆಗೆದರೆ ಹಸಿರು ಹಸಿರು ಉಣ್ಣೆ!

ರಸಾಯನದ ಮಾಸ್ತರು

ಅಕ್ಕೋರೇ, ಒಂದು ತಿದ್ದುಪಡಿ, ಬೇಜಾರಾಗಬೇಡಿ. 100 ಮಿಲಿ ನೀರಿನಲ್ಲಿ ಕರಗುವುದು ಸುಮಾರು 36 ಗ್ರಾಂ ಉಪ್ಪು. ನಿಮ್ಮ 2 ಕಪ್ ನೀರಿಗೆ 170 ಗ್ರಾಂ ಹತ್ತಿರ ಆಯಿತು, ಅಂದರೆ ಅರ್ಧ ಕಪ್ಪಿಗಿಂತ ಸ್ವಲ್ಪ ಜಾಸ್ತಿ. ಒಂದು ಕಪ್ ಹಾಕಿದರೆ ಉಳಿದದ್ದು ಕರಗದೆ ಹರಳಾಗಿ ಕೂರುತ್ತದೆ. ಕಾಳಿದಂಡೆ ಅಕ್ಕನ ಮಗನಿಗೆ ಚುಚ್ಚಿದ್ದೂ ಅಂಥದ್ದೇ. ಕೈಗೆ ಗಾಯ ಇದ್ದರಂತೂ ಉರಿಯುತ್ತದೆ. ಬೂಷ್ಟು ತಡೆಯಲು ನೀರಿನಲ್ಲಿ ಕರಗಿದ ಉಪ್ಪು ಸಾಕು, ಕರಗದ್ದು ಏನೂ ಕೆಲಸ ಮಾಡುವುದಿಲ್ಲ.

ಮುಚ್ಚಳದ ಹನಿಯ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆ ಹನಿ ಸಪ್ಪೆ ನೀರು. ಅದು ಬಿದ್ದ ಜಾಗದಲ್ಲಿ ಉಪ್ಪು ತೆಳುವಾಗುತ್ತದೆ, ಬೂಷ್ಟಿಗೆ ಅಷ್ಟು ಸಾಕು. ಫ್ರಿಜ್‌ನಿಂದ ತೆಗೆದ ಡಬ್ಬಿಯನ್ನು ತಕ್ಷಣ ತೆರೆದರೂ ಇದೇ ಕಥೆ.

ಅಂಗನವಾಡಿ ಅಕ್ಕೋರು

ಬೇಜಾರು ಎಂಥದ್ದು ಮಾಸ್ತರೇ, ಉಪ್ಪು ಉಳಿಯಿತಲ್ಲ. ಆದರೆ ಒಂದು ಕಪ್ ಹಾಕಿದರೆ ಮಕ್ಕಳು ಒಂದು ಸಲ ನೆಕ್ಕಿ ನೋಡಿ ಮತ್ತೆ ಬಾಯಿಗೆ ಹಾಕುವುದಿಲ್ಲ, ಆ ಲಾಭ ನನಗಿತ್ತು. ಮುಕ್ಕಾಲು ಕಪ್ ಮಾಡಿ ನೋಡುತ್ತೇನೆ.

ಅವಳಿ ಮಕ್ಕಳ ಆಯಿ (ಅಂಕೋಲಾ)

ಉಪ್ಪಿನ ವಿಷಯ ಬಂತು ಅಂತ ಹೇಳುತ್ತಿದ್ದೇನೆ. ಮನೆಯಲ್ಲಿ ನಾಯಿ ಇದ್ದವರು ಹುಷಾರು. ನಮ್ಮ ನಾಯಿ ಒಂದು ಸಲ ಉಂಡೆಯಷ್ಟು ನುಂಗಿ ವಾಂತಿ ಮಾಡಿ ಮಾಡಿ ನೀರು ಕುಡಿದು ಕುಡಿದು ಸಾಕಾಯಿತು. ಪಶು ವೈದ್ಯರು ರಕ್ತದಲ್ಲಿ ಉಪ್ಪು ಏರಿದರೆ ಜೀವಕ್ಕೇ ಅಪಾಯ ಅಂದರು. ಮನೆಯಲ್ಲಿ ಮಾಡಿದ ಹಿಟ್ಟನ್ನು "ಎಲ್ಲ ತಿನ್ನುವ ಸಾಮಾನೇ ಅಲ್ವಾ" ಅಂತ ಸಲೀಸಾಗಿ ನೋಡಬೇಡಿ. ಎರಡು ವರ್ಷದ ಒಳಗಿನ ಮಕ್ಕಳಿಗೂ ಅಷ್ಟೇ, ಪಕ್ಕದಲ್ಲಿ ಕೂತೇ ಆಡಿಸಿ.

ಇನ್ನು ನನ್ನ ಅನುಭವ. ನಾಲ್ಕು ಬಣ್ಣ ಒಟ್ಟಿಗೆ ಕೊಟ್ಟರೆ ನಲವತ್ತು ನಿಮಿಷದಲ್ಲಿ ಒಂದೇ ಬಣ್ಣ, ಕೊಳೆತ ಗೇರುಹಣ್ಣಿನ ಬಣ್ಣ. ಈಗ ದಿನಕ್ಕೆ ಎರಡೇ ಬಣ್ಣ, ಅದೂ ಸೇರಿದರೆ ಚಂದ ಬರುವಂಥದ್ದು: ಹಳದಿ ನೀಲಿ ಅಥವಾ ಕೆಂಪು ಹಳದಿ. ಸೇರಿದರೂ ಅಳು ಇಲ್ಲ, "ಆಯಿ, ಹಸಿರಾಯ್ತು" ಅಂತ ಖುಷಿ.

ಆಟ ಆಡುವ ಜಾಗ ದೊಡ್ಡ ಸ್ಟೀಲ್ ತಟ್ಟೆ ಅಥವಾ ಹಳೇ ಚಪಾತಿ ಮಣೆ. ನೆಲದ ಮೇಲೆ ಬೇಡ, ನೆಲದ ಧೂಳು ಕೂದಲು ಎಲ್ಲ ಎತ್ತಿಕೊಳ್ಳುತ್ತದೆ.

ಸೋಫಾಕ್ಕೆ ಮೆತ್ತಿದರೆ ಉಜ್ಜಬೇಡಿ. ಪೂರ್ತಿ ಒಣಗಲು ಬಿಟ್ಟು, ಗಟ್ಟಿ ಬ್ರಷ್‌ನಿಂದ ಕೆರೆದರೆ ಪುಡಿಯಾಗಿ ಬರುತ್ತದೆ. ಬಿಸಿ ನೀರು ಹಾಕಿದರೆ ಮೈದಾ ಅಂಟಾಗಿ ಬಟ್ಟೆಯೊಳಗೆ ಇಳಿಯುತ್ತದೆ. ಈ ಮಳೆಯಲ್ಲಿ ಒಣಗುವುದು ಎಲ್ಲಿ ಅನ್ನುವವರು ಇಸ್ತ್ರಿ ಮಾಡುವ ಯೋಚನೆ ಮಾಡಬೇಡಿ, ಕೂದಲು ಒಣಗಿಸುವ ಡ್ರೈಯರ್‌ನಿಂದ ಊದಿ. ಕೂದಲಿಗೆ ಹಿಡಿದರೆ ತೆಂಗಿನ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಬಾಚಿ. ಕತ್ತರಿ ಹಿಡಿಯಬೇಡಿ, ನಾನು ಹಿಡಿದೆ, ಶಾಲೆ ಫೋಟೋದಲ್ಲಿ ಇವತ್ತಿಗೂ ಕಾಣುತ್ತದೆ.

ಭಟ್ಕಳದಿಂದ ಬೆಂಗಳೂರಿಗೆ

ನೆಲದ ಧೂಳು ಎತ್ತಿಕೊಳ್ಳುತ್ತದೆ ಅಂದಿರಲ್ಲ, ಅದು ಹುಟ್ಟಿದ್ದೇ ಅದಕ್ಕೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಸಾಬೂನು ಮಾಡುವ ಕಂಪನಿಯೊಂದು 1930ರ ದಶಕದಲ್ಲಿ ಇದನ್ನು ಗೋಡೆ ಕಾಗದದ ಮಸಿ ತೆಗೆಯಲು ಮಾರುತ್ತಿತ್ತು. ಕಲ್ಲಿದ್ದಲು ಒಲೆಯ ಮಸಿ ಗೋಡೆಗೆ ಕೂರುತ್ತಿತ್ತು, ಈ ಹಿಟ್ಟಿನ ಮುದ್ದೆ ಉರುಳಿಸಿದರೆ ಹಿಡಿದುಕೊಂಡು ಬರುತ್ತಿತ್ತು. ಜನ ಗ್ಯಾಸಿಗೆ ಹೋದರು, ಮಸಿ ಹೋಯಿತು, ವ್ಯಾಪಾರವೂ ಹೋಯಿತು. ಆಗ ಕೇ ಝುಫಾಲ್ ಅನ್ನುವ ಶಿಶುವಿಹಾರದ ಟೀಚರ್ ಅದನ್ನು ಮಕ್ಕಳ ಕೈಗೆ ಕೊಟ್ಟು ನೋಡಿ, ಇದನ್ನು ಆಟಿಕೆ ಮಾಡಿ ಅಂದರು. 1956ರಲ್ಲಿ ಪ್ಲೇ ಡೋ ಅಂತ ಮಾರುಕಟ್ಟೆಗೆ ಬಂತು.

ಇನ್ನೊಂದು ವಿಷಯ, ಇಲ್ಲಿ ಎಲ್ಲರೂ "ಕ್ಲೇ" ಅಂತ ಒಂದೇ ಹೆಸರು ಹೇಳುತ್ತಿದ್ದೇವೆ, ಗೊಂದಲ ಅಲ್ಲಿಂದಲೇ. ಸ್ಟೇಷನರಿ ಅಂಗಡಿಯಲ್ಲಿ ಕಡ್ಡಿ ಕಡ್ಡಿಯಾಗಿ ಪ್ಯಾಕೆಟ್‌ನಲ್ಲಿ ಸಿಗುವುದು ಎಣ್ಣೆ ಮೇಣದ್ದು, ಪ್ಲಾಸ್ಟಿಸಿನ್ ಜಾತಿ. ಅದು ಒಣಗುವುದೂ ಇಲ್ಲ, ಮಳೆಗೆ ನೀರು ಹೀರುವುದೂ ಇಲ್ಲ. ಬಿಸಿಗೆ ಮೆತ್ತಗಾಗುತ್ತದೆ, ಚಳಿಗೆ ಗಟ್ಟಿ, ಅಂಗೈಯಲ್ಲಿ ಉಜ್ಜಿದರೆ ಸರಿ. ಗೋಡೆಗೆ ಹಚ್ಚಿದರೆ ಮಾತ್ರ ಎಣ್ಣೆ ಕಲೆ ಹೋಗುವುದಿಲ್ಲ, ಬಾಡಿಗೆ ಮನೆಯವರು ಅಡ್ವಾನ್ಸ್ ನೆನಪಿಟ್ಟುಕೊಳ್ಳಿ. ಮೂರನೆಯದು ಹಗುರ ಸ್ಪಂಜಿನಂಥದ್ದು, ಏರ್ ಡ್ರೈ ಅಂತ ಬರೆದಿರುತ್ತದೆ. ಅದು ಒಂದು ಸಲ ಮಾಡಿ ಒಣಗಿಸಿದರೆ ಮುಗಿಯಿತು, ಮತ್ತೆ ಮೆತ್ತಗಾಗುವುದಿಲ್ಲ. ಮೂರನ್ನೂ ಬೆರೆಸಿದರೆ ಮೂರೂ ಹಾಳು.

ಕಾಳಿದಂಡೆ ಅವರೇ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಣ್ಣೆದು, ಅಕ್ಟೋಬರ್ ಆದಮೇಲೆ ಹಿಟ್ಟಿನದು ಅಂತ ಮಾಡಿಬಿಡಿ, ತಲೆನೋವೇ ಇಲ್ಲ.

ಕಾಳಿದಂಡೆ

ಎಣ್ಣೆದು ಮನೆಯಲ್ಲಿದೆ, ಅವನ ಬೆರಳಿಗೆ ಶಕ್ತಿ ಸಾಲುವುದಿಲ್ಲ. ಒತ್ತಲು ಆಗದೆ ನನ್ನ ಕೈಗೆ ಕೊಡುತ್ತಾನೆ, ಆಡುವುದು ನಾನೇ ಆಗುತ್ತೇನೆ. ಮೆತ್ತಗಿನದೇ ಬೇಕು.

ಎರಡು ಪ್ರಶ್ನೆ. ಒಂದು, ಇರುವ ಅಂಗಡಿ ಡಬ್ಬಿಯದನ್ನು ಉಳಿಸಬಹುದಾ? ಇನ್ನೊಂದು, ಅಂಟು ಹೋಗಲು ಬೋರಾಕ್ಸ್ ಪುಡಿ ಹಾಕಿ ಅಂತ ಒಬ್ಬರು ಹೇಳಿದರು, ಹಾಕಬಹುದಾ?

ರಸಾಯನದ ಮಾಸ್ತರು

ಬೋರಾಕ್ಸ್ ಬೇಡ. ನುಂಗಿದರೆ ವಿಷ, ಚರ್ಮಕ್ಕೂ ಒಳ್ಳೆಯದಲ್ಲ. ಮಕ್ಕಳ ಕೈಗೆ ಹೋಗುವ ಯಾವುದಕ್ಕೂ ನಾನು ಹಾಕುವುದಿಲ್ಲ.

ಅಂಗಡಿಯಲ್ಲಿ ತರುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಅದು ಕಡ್ಡಾಯ. ಜಾತ್ರೆ ಪೇಟೆಯಲ್ಲಿ ಹೆಸರಿಲ್ಲದ ಚೀಟಿಯ ಘಮ ಘಮ ಕ್ಲೇ ಸಿಗುತ್ತದಲ್ಲ, ಅದರಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಅಂಗನವಾಡಿ ಅಕ್ಕೋರು

ಉಳಿಸಬಹುದು ಅಕ್ಕ. ಕಪ್ಪು, ಹಸಿರು ಚುಕ್ಕೆ ಅಥವಾ ಹುಳಿ ವಾಸನೆ ಇದ್ದರೆ ಸೀದಾ ಎಸೆಯಿರಿ, ಚುಕ್ಕೆ ಇರುವಲ್ಲಿ ಮಾತ್ರ ಚಿವುಟಿ ತೆಗೆಯುವ ಲೆಕ್ಕ ಬೇಡ. ಬರೀ ಅಂಟಾದರೆ ಹೀಗೆ ಮಾಡಿ. ಡಬ್ಬಿ ತಳದ ನೀರು ಬಸಿದು ಚೆಲ್ಲಿ. ಹಿಟ್ಟನ್ನು ಒಣ ಬಟ್ಟೆಯಲ್ಲಿ ಒತ್ತಿ ಮೇಲಿನ ತೇವ ತೆಗೆಯಿರಿ. ಎರಡು ಚಮಚ ಮೈದಾಕ್ಕೆ ಅರ್ಧ ಚಮಚ ಪುಡಿ ಉಪ್ಪು ಬೆರೆಸಿಟ್ಟುಕೊಂಡು, ಅದನ್ನು ಚಿಟಿಕೆ ಚಿಟಿಕೆ ಉದುರಿಸಿ ನಾದಿ. ಬರೀ ಮೈದಾ ಹಾಕುತ್ತಾ ಹೋದರೆ ಉಪ್ಪು ಕಮ್ಮಿಯಾಗಿ ಬೇಗ ಕೆಡುತ್ತದೆ. ಕೊನೆಗೆ ಕೈಗೆ ಎರಡು ಹನಿ ಎಣ್ಣೆ.

ಮನೆಯಲ್ಲಿ ಬೇಯಿಸಿ ಮಾಡಿದ್ದಾದರೆ ಇನ್ನೂ ಸುಲಭ. ಮತ್ತೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಹೊರಳಿಸಿ, ಹೊಸದರ ಹಾಗೆ ಆಗುತ್ತದೆ. ಅಂಗಡಿದನ್ನು ಬಾಣಲೆಗೆ ಹಾಕಬೇಡಿ.

ಇಡುವಾಗ ದೊಡ್ಡ ಡಬ್ಬಿಯಲ್ಲಿ ಸಣ್ಣ ಉಂಡೆ ಇಡಬೇಡಿ. ಡಬ್ಬಿಯಲ್ಲಿ ಗಾಳಿ ಇದ್ದಷ್ಟೂ ತೊಂದರೆ. ಹಿಟ್ಟಿನ ಮೈಗೆ ಪ್ಲಾಸ್ಟಿಕ್ ಹಾಳೆ ಒತ್ತಿ ಸುತ್ತಿ, ಆಮೇಲೆ ಡಬ್ಬಿ. ಎಣ್ಣೆ ಮೈದಾ ವಾಸನೆಗೆ ಇರುವೆ ಬರುತ್ತದೆ, ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುವವರಿದ್ದಾರೆ, ಬೇಡ, ಮತ್ತೆ ತೇವವೇ. ಬಿಗಿ ಮುಚ್ಚಳ ಇದ್ದರೆ ಇರುವೆ ಬರುವುದಿಲ್ಲ.

ಚೌತಿ ಮಣ್ಣು (ಕಾರವಾರ ತಾಲೂಕು)

ಇಷ್ಟೆಲ್ಲ ಓದಿ ನಗು ಬಂತು. ನಮ್ಮ ಮನೆಯಲ್ಲಿ ಚೌತಿ ಗಣಪತಿ ಮಾಡುತ್ತೇವೆ, ಅಜ್ಜನ ಕಾಲದಿಂದ. ನಮ್ಮ ಮಕ್ಕಳು ಆಡಿದ್ದು ಅದೇ ಜೇಡಿಮಣ್ಣಿನಲ್ಲಿ. ಒಣಗಿದರೆ ಕುಟ್ಟಿ ನೀರಿಗೆ ಹಾಕಿದರೆ ಮತ್ತೆ ಮಣ್ಣು. ಎಷ್ಟು ಸಲ ಬೇಕಾದರೂ. ಒದ್ದೆ ಗೋಣಿ ಹೊದೆಸಿ ಇಟ್ಟರೆ ಮಳೆಗಾಲ ಪೂರ್ತಿ ಇರುತ್ತದೆ, ಹಳೆಯದಾದಷ್ಟೂ ಹದ ಬರುತ್ತದೆ. ನಿಮ್ಮ ಮೈದಾ ಹಳೆಯದಾದರೆ ತಿಪ್ಪೆಗೆ.

ಗದ್ದೆ ಮಣ್ಣು ತಂದು ನೆನೆಹಾಕಿ, ಕಲ್ಲು ಬೇರು ಆರಿಸಿ, ಕಾಲಿನಿಂದ ತುಳಿದು, ಸ್ವಲ್ಪ ಹತ್ತಿ ಸೇರಿಸಿ ನಾದಬೇಕು. ಹತ್ತಿ ಹಾಕದಿದ್ದರೆ ಆನೆಯ ಸೊಂಡಿಲು ಒಣಗುವಾಗ ಬಿರಿಯುತ್ತದೆ. ಮಕ್ಕಳಿಗೆ ಆಟಕ್ಕಾದರೆ ಹತ್ತಿ ಬೇಡ.

ಅವಳಿ ಮಕ್ಕಳ ಆಯಿ

ಅಣ್ಣ, ನಿಮ್ಮ ಮನೆಯಲ್ಲಿ ಅಂಗಳ ಇದೆ, ಚಪ್ಪರ ಇದೆ. ನಾನು ಎರಡನೇ ಮಹಡಿಯಲ್ಲಿ ಇಬ್ಬರು ಹುಡುಗರನ್ನು ಒದ್ದೆ ಜೇಡಿಮಣ್ಣಿನ ಜೊತೆ ಬಿಟ್ಟರೆ ಕೆಳಗಿನ ಮನೆಯವರು ನನ್ನನ್ನೇ ವಿಸರ್ಜನೆ ಮಾಡುತ್ತಾರೆ.

ಚೌತಿ ಮಣ್ಣು

ಹಹ್ಹಾ, ಅದೂ ಹೌದು. ಆದರೆ ಮಾಡಿದ್ದು ಉಳಿಸಿಕೊಳ್ಳಬೇಕು ಅಂದರೆ ಮಣ್ಣೇ ಸರಿ ತಂಗಿ. ಹಿಟ್ಟಿನದು ಉಳಿಯುವುದಿಲ್ಲ.

ಹಸ್ತದ ಗುರುತು (ಕಾರವಾರ)

ಇದನ್ನು ಓದಿ ಹೊಟ್ಟೆ ಉರಿಯಿತು, ಯಾಕೆಂದರೆ ನನಗೆ ಯಾರೂ ಮೊದಲೇ ಹೇಳಲಿಲ್ಲ. ಮಗಳಿಗೆ ವರ್ಷ ತುಂಬಿದಾಗ ಉಪ್ಪಿನ ಹಿಟ್ಟು ಕಲಸಿ ಅವಳ ಅಂಗೈ ಅಚ್ಚು ತೆಗೆದು, ಓವನ್‌ನಲ್ಲಿ 100 ಡಿಗ್ರಿಯಲ್ಲಿ ಮೂರು ಗಂಟೆ ಒಣಗಿಸಿ, ಬಣ್ಣ ಹಚ್ಚಿ ಗೋಡೆಗೆ ತೂಗುಹಾಕಿದ್ದೆ. ಫೆಬ್ರವರಿಯಲ್ಲಿ. ಕಲ್ಲಿನ ಹಾಗಿತ್ತು. ಜುಲೈಯಲ್ಲಿ ಒಂದು ದಿನ ನೋಡಿದರೆ ಗೋಡೆ ಮೇಲೆ ಒದ್ದೆ ಗೆರೆ. ಕೆಳಗೆ ನೋಡಿದರೆ ಕಿರುಬೆರಳು ನೆಲದ ಮೇಲೆ. ಮುಟ್ಟಿದರೆ ಬಿಸ್ಕೀಟು ಚಹಾದಲ್ಲಿ ಅದ್ದಿದ ಹಾಗೆ ಮೆತ್ತಗೆ. ವಾರ್ನಿಶ್ ಮುಂದೆ ಮಾತ್ರ ಬಳಿದಿದ್ದೆ, ಹಿಂದೆ ಬಳಿದಿರಲಿಲ್ಲ, ಅಲ್ಲಿಂದಲೇ ತೇವ ಹೀರಿದೆ.

ಅಚ್ಚು ಇಟ್ಟುಕೊಳ್ಳುವ ಆಸೆ ಇರುವವರು ಜೇಡಿಮಣ್ಣಿನಲ್ಲಿ ಮಾಡಿ, ಅಥವಾ ಒಣಗುವ ಕ್ಲೇಯಲ್ಲಿ ಮಾಡಿ ಹಿಂದೆ ಮುಂದೆ ಎರಡೂ ಕಡೆ ವಾರ್ನಿಶ್ ಹಚ್ಚಿ. ಮಗಳ ವರ್ಷದ ಕೈ ಇನ್ನೊಂದು ಸಲ ಸಿಗುವುದಿಲ್ಲ.

ಗೋಧಿ ಆಗದ ಮನೆ (ಹಳಿಯಾಳ)

ನಮ್ಮ ಹುಡುಗಿಗೆ ಗೋಧಿ ಆಗುವುದಿಲ್ಲ. ಶಾಲೆಯಲ್ಲಿ ಈ ಹಿಟ್ಟು ಮುಟ್ಟಿ ಕೈಯೆಲ್ಲ ದದ್ದು ಬಂದ ಮೇಲೆ ನಮಗೆ ಇದರಲ್ಲಿ ಗೋಧಿ ಇದೆ ಅಂತ ಗೊತ್ತಾಗಿದ್ದು. ಅಂಗಡಿ ಡಬ್ಬಿಯ ಮೇಲೆ ಬರೆದಿರುತ್ತದೆ, ಸಣ್ಣ ಅಕ್ಷರದಲ್ಲಿ. ಅಕ್ಕೋರೇ, ಅಕ್ಕಿ ಹಿಟ್ಟಿನಲ್ಲಿ ಆಗುತ್ತದಾ? ನಾನು ತಣ್ಣೀರಲ್ಲಿ ಕಲಸಿದೆ, ಉಂಡೆ ಕಟ್ಟಲೇ ಇಲ್ಲ.

ಅಂಗನವಾಡಿ ಅಕ್ಕೋರು

ತಣ್ಣೀರಲ್ಲಿ ಆಗುವುದಿಲ್ಲ, ಅಕ್ಕಿ ಹಿಟ್ಟಿಗೆ ಮೈದಾದ ಹಾಗೆ ಎಳೆಯುವ ಗುಣ ಇಲ್ಲ. ಮೋದಕಕ್ಕೆ ಹೇಗೆ ಮಾಡುತ್ತೀರಿ? ಕುದಿಯುವ ನೀರಿಗೆ ಉಪ್ಪು ಎಣ್ಣೆ ಹಾಕಿ, ಹಿಟ್ಟು ಸುರಿದು, ಮುಚ್ಚಿ ಬೇಯಿಸಿ, ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ನಾದುವುದು ಅಲ್ವಾ. ಅದೇ. ಕಾಲು ಭಾಗ ಕಾರ್ನ್‌ಫ್ಲೋರ್ ಸೇರಿಸಿದರೆ ಇನ್ನೂ ನಯ. ಮೈದಾದ್ದರಷ್ಟು ಬಾಳಿಕೆ ಇಲ್ಲ, ನಾಲ್ಕೈದು ದಿನ. ಬೇಗ ಬಿರುಕು ಬಿಡುತ್ತದೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಮಾಡಿ.

ಬಣ್ಣದ ವಿಷಯವೂ ಹೇಳಿಬಿಡುತ್ತೇನೆ. ಅರಿಶಿನ ಹಳದಿ ಗಟ್ಟಿ ಬಣ್ಣ, ಆದರೆ ಅಂಗಿಗೂ ಗಟ್ಟಿ. ಬೀಟ್‌ರೂಟ್ ನೀರು ಚಂದ. ನಮ್ಮ ಮಕ್ಕಳಿಗೆ ಇಷ್ಟ ಬಸಳೆ ಹಣ್ಣಿನದು. ಬಳ್ಳಿಯಲ್ಲಿ ಕಪ್ಪು ಕಪ್ಪು ಹಣ್ಣಾಗುತ್ತದಲ್ಲ, ಅದನ್ನು ಹಿಚುಕಿದರೆ ನೇರಳೆ. ಬೇಯಿಸುವಾಗ ಹಾಕಿದರೆ ಬಣ್ಣ ಮಾಸುತ್ತದೆ, ಹಿಟ್ಟು ಆರಿದ ಮೇಲೆ ನಾದುವಾಗ ಹಾಕಿ. ಮುರುಗಲು (ಕೋಕಂ) ಸಿಪ್ಪೆ ನೆನೆಸಿದ ನೀರಿನಲ್ಲಿ ಮಾಡಿದರೆ ಇನ್ನೊಂದು ಲಾಭ, ಅದೇ ಹುಳಿ, ನಿಂಬೆ ಬೇಡ, ತಿಳಿ ಗುಲಾಬಿ ಬಣ್ಣ ಬಿಟ್ಟಿ.

ಘಟ್ಟದ ಮೇಲೆ

ಅರಿಶಿನ ಹಿಟ್ಟಿನಲ್ಲಿ ನಿಂಬೆ ಹಾಕದೆ ಮಾಡಿ, ಆಡುವಾಗ ಚಿಟಿಕೆ ಅಡುಗೆ ಸೋಡಾ ಕೊಟ್ಟು ನಾದಲು ಹೇಳಿ. ಹಳದಿ ಹೋಗಿ ಕೆಂಪಾಗುತ್ತದೆ. ಓಕುಳಿ ನೀರಿನ ಗುಟ್ಟೇ ಅಲ್ವಾ ಅದು. ನನ್ನ ಮಗಳು ಅರ್ಧ ದಿನ ನನ್ನನ್ನು ಮಾಟಗಾರ ಅಂದುಕೊಂಡಿದ್ದಳು.

ಸಾಮಾನಿಗೆ ದುಡ್ಡು ಕೊಡಬೇಡಿ. ಚಕ್ಕುಲಿ ಒರಳು ಒಂದಿದ್ದರೆ ಅಂಗಡಿಯ ಯಾವ ಸೆಟ್ಟೂ ಬೇಡ. ಶಾವಿಗೆ ಬಿಲ್ಲೆ ಹಾಕಿ ಒತ್ತಿದರೆ ಗೊಂಬೆಗೆ ಕೂದಲು. ನಮ್ಮಲ್ಲಿ ಹಳೇ ಒರಳೊಂದನ್ನು ಅವಳಿಗೇ ಬಿಟ್ಟಿದ್ದೇವೆ. ತಿನ್ನುವ ಚಕ್ಕುಲಿ ಒರಳು ಕೊಟ್ಟರೆ ಮನೆಯಲ್ಲಿ ಯುದ್ಧ.

ಅವಳಿ ಮಕ್ಕಳ ಆಯಿ

ಬೀಚಿನಿಂದ ಚಿಪ್ಪು, ಗಾಳಿ ಮರದ ಕಾಯಿ ತಂದಿಟ್ಟುಕೊಳ್ಳಿ. ಚಿಪ್ಪು ಒತ್ತಿದರೆ ಗೆರೆ ಗೆರೆ, ಗಾಳಿ ಕಾಯಿ ಉರುಳಿಸಿದರೆ ಮೊಸಳೆ ಚರ್ಮ. ಮೊದಲು ಸಿಹಿ ನೀರಲ್ಲಿ ತೊಳೆದು ಒಣಗಿಸಿ, ಮರಳು ಸೇರಿದ ಹಿಟ್ಟು ಮತ್ತೆ ಸರಿಯಾಗುವುದಿಲ್ಲ.

ಮತ್ತೆ, "ಏನು ಮಾಡ್ತೀಯ, ಹಾವು ಮಾಡು, ಚೆಂಡು ಮಾಡು" ಅಂತ ಹೇಳುವುದು ನಾನು ಬಿಟ್ಟೆ. ಸುಮ್ನೆ ಪಕ್ಕದಲ್ಲಿ ಕೂತು ನಾನೂ ಒಂದು ಉಂಡೆ ನಾದುತ್ತೇನೆ. ಹಾಗೆ ಕೂತರೆ ಹತ್ತು ನಿಮಿಷದ ಆಟ ಒಂದು ಗಂಟೆ ನಡೆಯುತ್ತದೆ.

ಕಾಳಿದಂಡೆ (ಹದಿಮೂರು ದಿನದ ನಂತರ)

ಎಲ್ಲರಿಗೂ ಧನ್ಯವಾದ. ಏನಾಯಿತು ಅಂತ ಹೇಳದೆ ಹೋದರೆ ಸರಿಯಲ್ಲ.

ಅಂಗಡಿಯ ನಾಲ್ಕರಲ್ಲಿ ಮೂರು ಉಳಿದವು. ಮೈದಾ ಉಪ್ಪು ಚಿಟಿಕೆ ಚಿಟಿಕೆ ಹಾಕಿ ನಾದಿದೆ, ಸುಮಾರು ಇಪ್ಪತ್ತು ನಿಮಿಷ ಹಿಡಿಯಿತು, ಬಣ್ಣ ಸ್ವಲ್ಪ ತೆಳುವಾಯಿತು. ಕೆಂಪಿನದರ ಅಡಿಯಲ್ಲಿ ಕಪ್ಪು ಚುಕ್ಕೆ ಇತ್ತು, ಎಸೆದೆ.

ಮನೆಯದನ್ನು ಅಕ್ಕೋರ ಅಳತೆಗೆ, ಉಪ್ಪು ಮಾತ್ರ ಮಾಸ್ತರ ಮಾತಿಗೆ ಮುಕ್ಕಾಲು ಕಪ್ಪಿಗೆ ಇಳಿಸಿ, ಮುರುಗಲು ನೀರಲ್ಲಿ ಬೇಯಿಸಿದೆ. ಮೊದಲ ಸಲ ಅವಸರ ಮಾಡಿ ಬೇಗ ಇಳಿಸಿದೆ, ಅಂಟಿತು, ಮತ್ತೆ ಬಾಣಲೆಗೆ ಹಾಕಿದೆ, ಸರಿಯಾಯಿತು. ಗುಲಾಬಿ ಬಣ್ಣ ನಿಜವಾಗಿ ಚಂದ. ಹತ್ತು ದಿನ ಆಯಿತು, ಡಬ್ಬಿ ತಳ ಒಣಗಿದೆ. ನಮಗೆ ಅಟ್ಟ ಇಲ್ಲ, ಫ್ರಿಜ್ಜಿನ ಹಿಂಬದಿ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೇನೆ, ಅಲ್ಲಿ ಯಾವಾಗಲೂ ಬೆಚ್ಚಗೆ. ಆಡಿ ಮುಗಿದ ಕೂಡಲೇ ಮುಚ್ಚುವುದು, ಅದೊಂದೇ ಅಭ್ಯಾಸ ಮಾಡಿಸಲು ಕಷ್ಟ. ಈಗ "ಹಿಟ್ಟಿಗೆ ಚಾದರ ಹೊದೆಸು" ಅಂದರೆ ಪ್ಲಾಸ್ಟಿಕ್ ಸುತ್ತಿ ಮುಚ್ಚುತ್ತಾನೆ.

ಅವನು ಮಾಡುವುದು ಸೇತುವೆ ಮಾತ್ರ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದಾಗ ಅವನು ಇನ್ನೂ ಸಣ್ಣವನು, ಆದರೆ ಮನೆಯಲ್ಲಿ ಎಷ್ಟು ಸಲ ಆ ಮಾತು ಬಂದಿದೆಯೋ, ತಲೆಯಲ್ಲಿ ಕೂತುಬಿಟ್ಟಿದೆ. ಗುಲಾಬಿ ಕಂಬ, ಹಳದಿ ರಸ್ತೆ, ಮೇಲೆ ಒಂದು ಲಾರಿ. ಮೊದಲೆಲ್ಲ ಕಂಬ ಅಂಟಾಗಿ ತಾನಾಗೇ ಕುಸಿಯುತ್ತಿತ್ತು. ಈಗಿನ ಹಿಟ್ಟು ಗಟ್ಟಿ, ನಿಲ್ಲುತ್ತದೆ. ನಿನ್ನೆ ಹತ್ತು ನಿಮಿಷ ಕಾದು ಕೂತಿದ್ದ. "ಅಮ್ಮಾ, ಇದು ಬೀಳ್ತಾನೇ ಇಲ್ಲ" ಅಂತ ದೂರು. ಆಮೇಲೆ ತಾನೇ ಬೆರಳಿಂದ ತಳ್ಳಿ ಬೀಳಿಸಿ, ಲಾರಿ ಎತ್ತಲು ಹಿಟ್ಟಿನ ಕ್ರೇನ್ ಮಾಡಲು ಕೂತ.

ಅಂಗನವಾಡಿ ಅಕ್ಕೋರು

ಕ್ರೇನಿನ ಕತ್ತು ಉದ್ದ ಮಾಡಿದರೆ ಬಗ್ಗುತ್ತದೆ. ಒಳಗೆ ಒಂದು ತೆಂಗಿನ ಗರಿಯ ಕಡ್ಡಿ ಇಟ್ಟು ಸುತ್ತಲು ಹೇಳಿ, ತುದಿ ಚೂಪಿಲ್ಲದ್ದು ನೋಡಿ ಕೊಡಿ.